ಸ್ವಾಯತ್ತ, ಆದರೆ ಸ್ವತಂತ್ರವಲ್ಲ: ಜೂಲಿಯಸ್ ಮಲೆಮಾ ಉಚ್ಚಾಟನೆ ಮತ್ತು ಎ.ಎನ್.ಸಿ.ಯ ಪಕ್ಷಶಿಸ್ತು

2011ರ ಆಗಸ್ಟ್ 30ರಂದು ಜೋಹಾನ್ಸ್‌ಬರ್ಗ್ ನಗರದ ನಡುಭಾಗದಲ್ಲಿರುವ ಲುಥುಲಿ ಹೌಸ್ ಎದುರು ಸಾವಿರಾರು ತರುಣರು ಸೇರಿದ್ದರು. ಅದು ದಕ್ಷಿಣ ಆಫ್ರಿಕದ ಆಡಳಿತ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ, ಅಂದರೆ ಎ.ಎನ್.ಸಿ.ಯ, ಕೇಂದ್ರ ಕಚೇರಿ. ಒಳಗೆ ಪಕ್ಷದ ಯುವ ಸಂಘಟನೆಯ ಅಧ್ಯಕ್ಷ ಜೂಲಿಯಸ್ ಮಲೆಮಾ ಅವರ ಮೇಲಿನ ಶಿಸ್ತುಕ್ರಮದ ವಿಚಾರಣೆ ಆರಂಭವಾಗಬೇಕಿತ್ತು. ಹೊರಗೆ ಅವರ ಬೆಂಬಲಿಗರು ಅಧ್ಯಕ್ಷ ಜೇಕಬ್ ಜುಮಾ ಅವರ ಚಿತ್ರವಿದ್ದ ಅಂಗಿಗಳನ್ನೂ ಪಕ್ಷದ ಧ್ವಜಗಳನ್ನೂ ಸುಟ್ಟರು. ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಕಲ್ಲು ತೂರಿದರು. ತಾವು ಎ.ಎನ್.ಸಿ.ಯವರೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರು ಎ.ಎನ್.ಸಿ.ಯ ಬಾಗಿಲಿನಲ್ಲೇ ಅದರ ಬಾವುಟಕ್ಕೆ ಬೆಂಕಿಯಿಟ್ಟ ಆ ದೃಶ್ಯ ಪಕ್ಷದ ಹಿರಿಯರನ್ನು ಬಹುವಾಗಿ ಘಾಸಿಗೊಳಿಸಿತು. ವಿಚಾರಣೆಯನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಎಂಟು ತಿಂಗಳ ನಂತರ ಮಲೆಮಾ ಪಕ್ಷದಿಂದ ಉಚ್ಚಾಟಿತರಾದರು. ಅಷ್ಟರೊಳಗೆ ನಡೆದ ವಾದವಿವಾದಗಳಲ್ಲಿ ಮತ್ತೆ ಮತ್ತೆ ಎದ್ದುಬಂದ ಪ್ರಶ್ನೆಯೊಂದಿದೆ: ಶಿಕ್ಷೆಯಾದದ್ದು ನಡತೆಗೋ, ಅಭಿಪ್ರಾಯಕ್ಕೋ?

ಇದನ್ನು ವಿವೇಚಿಸುವ ಮುನ್ನ ಯುವ ಲೀಗಿನ ಹುಟ್ಟನ್ನು ನೆನೆಯಬೇಕು. 1912ರಲ್ಲಿ ಸ್ಥಾಪನೆಯಾದ ಎ.ಎನ್.ಸಿ. ತನ್ನ ಮೊದಲ ಮೂರು ದಶಕಗಳಲ್ಲಿ ಅರ್ಜಿ, ನಿಯೋಗ, ಮನವಿಗಳ ಪಕ್ಷವಾಗಿತ್ತು. 1944ರಲ್ಲಿ ಆಂಟನ್ ಲೆಂಬೆಡೆ ಅವರ ಅಧ್ಯಕ್ಷತೆಯಲ್ಲಿ ಯುವ ಲೀಗ್ ಮೈದಳೆದಾಗ ನೆಲ್ಸನ್ ಮಂಡೇಲಾ, ವಾಲ್ಟರ್ ಸಿಸುಲು, ಆಲಿವರ್ ಟಾಂಬೊ ಅದರ ಸ್ಥಾಪಕರಲ್ಲಿ ಸೇರಿದ್ದರು. ಹಿರಿಯರ ಸೌಮ್ಯಮಾರ್ಗದ ಬಗ್ಗೆ ಅವರಿಗಿದ್ದ ಅಸಹನೆ 1949ರಲ್ಲಿ ಫಲ ಕೊಟ್ಟಿತು. ಮುಷ್ಕರ, ಬಹಿಷ್ಕಾರ, ಅಸಹಕಾರಗಳ ಕಾರ್ಯಕ್ರಮವೊಂದನ್ನು ಒಪ್ಪಿದರೆ ಮಾತ್ರ ಬೆಂಬಲ ಎಂದು ಅವರು ಪಕ್ಷದ ಅಧ್ಯಕ್ಷ ಡಾ. ಎ. ಬಿ. ಜುಮಾ ಅವರಿಗೆ ತಿಳಿಸಿದರು (ಇವರಿಗೂ ಮುಂದಿನ ಜೇಕಬ್ ಜುಮಾ ಅವರಿಗೂ ಸಂಬಂಧವಿಲ್ಲ, ಹೆಸರಿನ ಮೂಲ ಉಚ್ಚಾರವೂ ಬೇರೆ). ಅವರು ಒಪ್ಪಲಿಲ್ಲ. ಆ ವರ್ಷದ ಡಿಸೆಂಬರಿನ ಬ್ಲೂಮ್‌ಫಾಂಟೇನ್ ಸಮ್ಮೇಳನದಲ್ಲಿ ತರುಣರು ಅವರನ್ನು ಇಳಿಸಿ, ಡಾ. ಜೇಮ್ಸ್ ಮೊರೊಕಾ ಅವರನ್ನು ಗದ್ದುಗೆಗೆ ತಂದರು. ಸಿಸುಲು ಪ್ರಧಾನ ಕಾರ್ಯದರ್ಶಿಯಾದರು.

ಹೀಗಾಗಿ ಹಿರಿಯರ ಮೇಲೆ ತಿರುಗಿಬೀಳುವುದು ಈ ಸಂಘಟನೆಯ ಪಾಲಿಗೆ ಅಪರಾಧವಲ್ಲ. ಅದು ಅದರ ವಂಶಾವಳಿ. ಮಲೆಮಾ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು ಮತ್ತು ತಮ್ಮನ್ನು ಮಂಡೇಲಾ ಪೀಳಿಗೆಯ ಸಾಲಿನಲ್ಲಿ ನಿಲ್ಲಿಸಿಕೊಳ್ಳಲು ಹಿಂಜರಿಯಲಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಅವರು ಮರೆಮಾಚಿದರು: 1949ರ ತರುಣರು ಎದುರಿಸಿದ್ದು ಅಧಿಕಾರವಿಲ್ಲದ, ಬಡ ಪಕ್ಷವೊಂದರ ನಾಯಕನನ್ನು. 2011ರಲ್ಲಿ ಪಕ್ಷದ ಅಧ್ಯಕ್ಷರೇ ದೇಶದ ಅಧ್ಯಕ್ಷರು. ಮಂತ್ರಿಪದವಿ, ಗುತ್ತಿಗೆ, ನೇಮಕಾತಿ ಎಲ್ಲವೂ ಪಕ್ಷದೊಳಗಿನ ಜಯಾಪಜಯಗಳಿಗೆ ಅಂಟಿಕೊಂಡಿದ್ದವು.

ಪಕ್ಷದ ಸಂವಿಧಾನ ಯುವ ಲೀಗಿಗೆ ಕೊಟ್ಟಿರುವ ಸ್ಥಾನ ವಿಲಕ್ಷಣವಾದದ್ದು. ಲೀಗ್ ಎ.ಎನ್.ಸಿ.ಯ ಒಟ್ಟು ರಚನೆಯೊಳಗೆ ಸ್ವಾಯತ್ತ ಅಂಗ. ಅದಕ್ಕೆ ತನ್ನದೇ ನಿಯಮಾವಳಿ, ತನ್ನದೇ ಸಮ್ಮೇಳನ, ತನ್ನದೇ ಚುನಾವಣೆ ಉಂಟು. ಆದರೆ ಆ ನಿಯಮಗಳು ಮಾತೃಪಕ್ಷದ ಸಂವಿಧಾನಕ್ಕಾಗಲಿ ನೀತಿಗಾಗಲಿ ವಿರುದ್ಧವಾಗಿರಕೂಡದು. ಸ್ವಾಯತ್ತ ಎಂಬ ಪದವನ್ನು ಲೀಗ್ ತನಗೆ ಬೇಕಾದಂತೆ ಹಿಗ್ಗಿಸಿ ಓದಿತು, ಪಕ್ಷ ಕುಗ್ಗಿಸಿ ಓದಿತು. ಲೀಗಿನ ಅಧ್ಯಕ್ಷನು ಲೀಗಿನ ನಿರ್ಣಯವನ್ನು ಘೋಷಿಸಿದ್ದಕ್ಕೆ ವೈಯಕ್ತಿಕವಾಗಿ ಪಕ್ಷದ ಶಿಸ್ತುಸಮಿತಿಗೆ ಉತ್ತರ ಕೊಡಬೇಕೇ? ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲು ಇಲ್ಲಿದೆ.

ಮಲೆಮಾ ಹುಟ್ಟಿದ್ದು 1981ರಲ್ಲಿ, ಇಂದಿನ ಲಿಂಪೊಪೊ ಪ್ರಾಂತ್ಯದ ಸೆಶೆಗೊ ಎಂಬಲ್ಲಿ. 2008ರಲ್ಲಿ ಗದ್ದಲದ ಸಮ್ಮೇಳನವೊಂದರಲ್ಲಿ ಅವರು ಲೀಗಿನ ಅಧ್ಯಕ್ಷರಾದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2007ರ ಡಿಸೆಂಬರಿನಲ್ಲಿ, ಪೊಲೊಕ್ವಾನೆ ಸಮ್ಮೇಳನದಲ್ಲಿ ಜೇಕಬ್ ಜುಮಾ ಅಂದಿನ ರಾಷ್ಟ್ರಾಧ್ಯಕ್ಷ ಥಾಬೊ ಎಂಬೆಕಿ ಅವರನ್ನು 2,329ಕ್ಕೆ 1,505 ಮತಗಳಿಂದ ಸೋಲಿಸಿ ಪಕ್ಷವನ್ನು ಕೈಗೆ ತೆಗೆದುಕೊಂಡಿದ್ದರು. ಜುಮಾ ಪರವಾಗಿ ಬೀದಿಗಿಳಿದವರಲ್ಲಿ ಲೀಗ್ ಮುಂಚೂಣಿಯಲ್ಲಿತ್ತು. ಜುಮಾಗಾಗಿ ಕೊಲ್ಲಲೂ ಸಿದ್ಧ ಎಂಬರ್ಥದ ಮಾತನ್ನು ಮಲೆಮಾ 2008ರ ಜೂನ್ 16ರ ಯುವದಿನದ ಸಭೆಯಲ್ಲಿ ಆಡಿದರು. ದೇಶದಲ್ಲಿ ಕೋಲಾಹಲವೆದ್ದಿತು; ಪಕ್ಷ ಅವರನ್ನು ಶಿಸ್ತುಸಮಿತಿಯ ಮುಂದೆ ನಿಲ್ಲಿಸಲಿಲ್ಲ. ಮುಂದೆ ಜುಮಾ ಅವರೇ ಈ ತರುಣನಲ್ಲಿ ಭಾವೀ ನಾಯಕನನ್ನು ಕಂಡು ಮೆಚ್ಚಿ ಮಾತನಾಡಿದರು. ಬಾಯಿ ಹರಿಬಿಡುವುದು ತಮ್ಮ ಪರವಾಗಿದ್ದಷ್ಟು ಕಾಲ ಅದು ಉತ್ಸಾಹ; ತಿರುಗಿದ ಮೇಲೆ ಅಶಿಸ್ತು.

ತಿರುಗಿದ್ದು 2010ರಲ್ಲಿ. ಏಪ್ರಿಲಿನಲ್ಲಿ ಮಲೆಮಾ ಜಿಂಬಾಬ್ವೆಗೆ ಹೋಗಿ ರಾಬರ್ಟ್ ಮುಗಾಬೆ ಅವರ ಭೂನೀತಿಯನ್ನು ಹೊಗಳಿದರು. ಆಗ ಜುಮಾ ಅಲ್ಲಿನ ಪಕ್ಷಗಳ ನಡುವೆ ಸಂಧಾನಕಾರರಾಗಿದ್ದರು. ಹಿಂತಿರುಗಿ ನಡೆಸಿದ ಪತ್ರಿಕಾಗೋಷ್ಠಿಯಲ್ಲಿ ಬಿಬಿಸಿಯ ವರದಿಗಾರರೊಬ್ಬರನ್ನು ಬೈದು ಹೊರಗಟ್ಟಿದರು. ಜುಮಾ ಬಹಿರಂಗವಾಗಿ ಆಕ್ಷೇಪಿಸಿದಾಗ, ಎಂಬೆಕಿ ಕೂಡ ಯುವ ಲೀಗನ್ನು ಹೀಗೆ ಸಾರ್ವಜನಿಕವಾಗಿ ಗದರಿಸಿರಲಿಲ್ಲ ಎಂದು ಮಾರುತ್ತರ ಕೊಟ್ಟರು. ಮೇ ತಿಂಗಳಲ್ಲಿ ಅವರು ತಪ್ಪೊಪ್ಪಿಕೊಂಡದ್ದು ಈ ಹೋಲಿಕೆಯ ಮಾತಿಗೇ. ಶಿಕ್ಷೆಯಾಗಿ ಹತ್ತು ಸಾವಿರ ರ‍್ಯಾಂಡ್ ದಂಡ, ಬಹಿರಂಗ ಕ್ಷಮೆಯಾಚನೆ, ಕೋಪನಿಯಂತ್ರಣದ ತರಗತಿ ವಿಧಿಸಲಾಯಿತು. ಪತ್ರಿಕೆಗಳು ಕೋಪದ ತರಗತಿಯ ಬಗ್ಗೆ ನಕ್ಕು ಬರೆದವು. ನಿಜವಾದ ಕತ್ತಿ ಇದ್ದದ್ದು ಬೇರೆಡೆ: ಎರಡು ವರ್ಷಗಳೊಳಗೆ ಇಂಥದೇ ತಪ್ಪು ಮರುಕಳಿಸಿದರೆ ಸದಸ್ಯತ್ವ ಅಮಾನತಾಗುತ್ತದೆ ಎಂಬ ಷರತ್ತಿನಲ್ಲಿ.

ಇದೇ ಹೊತ್ತಿನಲ್ಲಿ ಲೀಗ್ ಗಣಿಗಳ ರಾಷ್ಟ್ರೀಕರಣ ಮತ್ತು ಪರಿಹಾರವಿಲ್ಲದ ಭೂಸ್ವಾಧೀನದ ಬೇಡಿಕೆಗಳನ್ನು ಎತ್ತಿ ಹಿಡಿದಿತ್ತು. ವರ್ಣಭೇದ ನೀತಿ ಅಳಿದು 15 ವರ್ಷ ಕಳೆದರೂ ಭೂಮಿ, ಗಣಿ, ಬಂಡವಾಳಗಳ ಒಡೆತನ ಬಹುತೇಕ ಹಳೆಯ ಕೈಗಳಲ್ಲೇ ಉಳಿದಿದ್ದ ದೇಶದಲ್ಲಿ ಇದು ಗಾಳಿಮಾತಾಗಿರಲಿಲ್ಲ. ಗಣಿಸಚಿವೆ ಸೂಸನ್ ಶಬಾಂಗು ತಮ್ಮ ಜೀವಿತಕಾಲದಲ್ಲಿ ರಾಷ್ಟ್ರೀಕರಣ ಆಗದು ಎಂದು 2010ರಲ್ಲಿ ಹೂಡಿಕೆದಾರರಿಗೆ ಭರವಸೆಯಿತ್ತಿದ್ದರು. ನಮ್ಮ ಜೀವಿತಕಾಲದಲ್ಲೇ ಆರ್ಥಿಕ ಸ್ವಾತಂತ್ರ್ಯ ಎಂಬುದು ಲೀಗಿನ ಘೋಷಣೆ. ಪಕ್ಷ ಈ ಬೇಡಿಕೆಯನ್ನು ತಳ್ಳಿಹಾಕದೆ ಅಧ್ಯಯನಕ್ಕೆ ಒಪ್ಪಿಸಿತು. 2011ರ ಜೂನಿನಲ್ಲಿ ಮಲೆಮಾ ಅವಿರೋಧವಾಗಿ ಪುನರಾಯ್ಕೆಯಾದರು.

ಮುಂದಿನ ತಿಂಗಳೇ ಅವರು ಎಡವಿದರು. ನೆರೆಯ ಬೋಟ್ಸ್ವಾನದ ಇಯಾನ್ ಖಾಮಾ ಸರ್ಕಾರವನ್ನು ಬದಲಿಸಲು ಅಲ್ಲಿನ ವಿರೋಧ ಪಕ್ಷಗಳಿಗೆ ನೆರವಾಗುವೆವೆಂದು ಲೀಗ್ ಪ್ರಕಟಿಸಿತು. ಆಡಳಿತ ಪಕ್ಷದ ಅಂಗವೊಂದು ಮಿತ್ರರಾಷ್ಟ್ರದ ಚುನಾಯಿತ ಸರ್ಕಾರವನ್ನು ಉರುಳಿಸುವ ಮಾತಾಡಿದರೆ ಯಾವ ಪಕ್ಷವೂ ಸುಮ್ಮನಿರಲಾರದು. ಜೊತೆಗೆ, ಎಂಬೆಕಿ ಹೋದ ಮೇಲೆ ಆಫ್ರಿಕದ ಹಿತಚಿಂತನೆ ಹಿಂದೆ ಬಿದ್ದಿದೆ ಎಂದು ಮಲೆಮಾ ಮತ್ತೆ ಹೋಲಿಸಿದರು. ಆರೋಪಪಟ್ಟಿ ಸಿದ್ಧವಾಯಿತು. ಅದರಲ್ಲಿ ಗಣಿ ರಾಷ್ಟ್ರೀಕರಣದ ಸುಳಿವೇ ಇರಲಿಲ್ಲ. ಶಿಸ್ತುಕ್ರಮವನ್ನು ಸಮರ್ಥಿಸುವವರ ಪಾಲಿಗೆ ಇದೇ ಬಲವಾದ ಸಾಕ್ಷ್ಯ.

ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ವಿಚಿತ್ರ ಸಂಗತಿ ನಡೆಯಿತು. ಬೋಯರರಿಗೆ ಗುಂಡಿಕ್ಕಲು ಕರೆಕೊಡುವ ಹಳೆಯ ಹೋರಾಟಗೀತೆಯೊಂದನ್ನು ಹಾಡಿದ್ದಕ್ಕಾಗಿ ಸಮಾನತಾ ನ್ಯಾಯಾಲಯವು ಮಲೆಮಾ ಅವರನ್ನು ದ್ವೇಷಭಾಷಣದ ದೋಷಿಯೆಂದಿತು. ಆ ಮೊಕದ್ದಮೆಯಲ್ಲಿ ಎ.ಎನ್.ಸಿ. ಅವರ ಪಕ್ಕದಲ್ಲೇ ನಿಂತು ಹಾಡನ್ನು ಸಮರ್ಥಿಸುತ್ತಿತ್ತು! ಒಂದು ಕಟ್ಟಡದಲ್ಲಿ ಪ್ರತಿವಾದಿಗಳಾಗಿ ಜೊತೆಗಿದ್ದವರು ಇನ್ನೊಂದು ಕಟ್ಟಡದಲ್ಲಿ ವಾದಿ, ಪ್ರತಿವಾದಿಗಳು.

ಡೆರೆಕ್ ಹಾನೆಕೊಮ್ ಅಧ್ಯಕ್ಷತೆಯ ರಾಷ್ಟ್ರೀಯ ಶಿಸ್ತುಸಮಿತಿ 2011ರ ನವೆಂಬರ್ 10ರಂದು ಮಲೆಮಾ ಅವರನ್ನು ಐದು ವರ್ಷ ಅಮಾನತುಗೊಳಿಸಿತು. ಲೀಗಿನ ವಕ್ತಾರ ಫ್ಲಾಯ್ಡ್ ಶಿವಾಂಬು ಅವರಿಗೆ ಮೂರು ವರ್ಷ. ಹಿರಿಯರಲ್ಲೂ ಒಮ್ಮತವಿರಲಿಲ್ಲ: ಪಕ್ಷದ ಖಜಾಂಚಿ ಮ್ಯಾಥ್ಯೂಸ್ ಫೋಸಾ, ವಿನ್ನಿ ಮಂಡೇಲಾ ಇಬ್ಬರೂ ಮಲೆಮಾ ಪರ ನಿಂತಿದ್ದರು. ಪ್ರಕರಣ ಸಿರಿಲ್ ರಾಮಫೋಸಾ ಮುಖ್ಯಸ್ಥರಾಗಿದ್ದ ಮೇಲ್ಮನವಿ ಸಮಿತಿಗೆ ಹೋಯಿತು. 2012ರ ಫೆಬ್ರುವರಿ ಆರಂಭದಲ್ಲಿ ಆ ಸಮಿತಿ ದೋಷನಿರ್ಣಯವನ್ನು ಎತ್ತಿಹಿಡಿದು, ಶಿಕ್ಷೆಯ ಪ್ರಮಾಣದ ಬಗ್ಗೆ ಎರಡೂ ಕಡೆಯ ವಾದವನ್ನು ಮೊದಲ ಸಮಿತಿ ಕೇಳಿಲ್ಲವೆಂದು ಅಷ್ಟನ್ನು ಮಾತ್ರ ಹಿಂದಕ್ಕೆ ಕಳುಹಿಸಿತು. ನ್ಯಾಯದ ದೃಷ್ಟಿಯಿಂದ ಇದು ಆರೋಪಿಗೆ ದೊರೆತ ಅನುಕೂಲ. ಫಲಿತಾಂಶ ಮಾತ್ರ ತಿರುಗುಮುರುಗಾಯಿತು. ಶಿಕ್ಷೆ ಇಳಿಸಲು ವಾದಿಸುವ ಅವಕಾಶ ಮಲೆಮಾಗೆ ಸಿಕ್ಕಂತೆ, ಏರಿಸಲು ವಾದಿಸುವ ಅವಕಾಶ ಪಕ್ಷಕ್ಕೂ ಸಿಕ್ಕಿತು. 2010ರ ಹಳೆಯ ದೋಷ, ಪಶ್ಚಾತ್ತಾಪದ ಅಭಾವ ಎರಡೂ ತಕ್ಕಡಿಗೆ ಬಿದ್ದವು. ಫೆಬ್ರುವರಿ 29ರಂದು ಅಮಾನತು ಉಚ್ಚಾಟನೆಯಾಗಿ ಬದಲಾಯಿತು. ಏಪ್ರಿಲ್ 24ರಂದು ಮೇಲ್ಮನವಿ ಸಮಿತಿ ಅದನ್ನೇ ಕಾಯಂಗೊಳಿಸಿತು.

ವಿಚಾರಣೆಯ ವಿಧಾನದಲ್ಲಿ ಹೇಳಿಕೊಳ್ಳುವಂಥ ಕುಂದು ನನಗೆ ಕಾಣದು. ಲಿಖಿತ ಆರೋಪ, ಸಾಕ್ಷಿ, ಮೇಲ್ಮನವಿ, ಕಾರಣಸಹಿತ ತೀರ್ಪು ಎಲ್ಲವೂ ಇದ್ದವು. ಹೈಕಮಾಂಡಿನ ಒಂದು ಪತ್ರದಲ್ಲಿ ಮುಗಿದುಹೋಗುವ ಉಚ್ಚಾಟನೆಗಳನ್ನು ಕಂಡ ನಮಗೆ ಇದು ಐಷಾರಾಮವೆಂದೇ ತೋರಬಹುದು. ಸಂಶಯ ಹುಟ್ಟುವುದು ಆಯ್ಕೆಯಲ್ಲಿ ಮತ್ತು ಕಾಲದಲ್ಲಿ. 2012ರ ಡಿಸೆಂಬರಿನಲ್ಲಿ ಮಂಗಾಉಂಗ್ ಸಮ್ಮೇಳನದಲ್ಲಿ ಜುಮಾ ಪುನರಾಯ್ಕೆ ಬಯಸಿದ್ದರು. ಅವರನ್ನು ಇಳಿಸಲು ಮಲೆಮಾ ಬಳಗ ಯತ್ನಿಸುತ್ತಿದ್ದುದು ಗುಟ್ಟಾಗಿರಲಿಲ್ಲ. ಎರಡು ಬಾರಿಯೂ ದೋಷವೆನಿಸಿದ ಮಾತು ಒಂದೇ, ಹೊಸ ಅಧ್ಯಕ್ಷನಿಗಿಂತ ಹಳಬನೇ ಮೇಲು ಎಂಬುದು. ಪಕ್ಷದೊಳಗಿನ ಚುನಾವಣೆಯಲ್ಲಿ ಅಭ್ಯರ್ಥಿಗಳನ್ನು ಹೋಲಿಸುವುದೇ ಒಡಕು ಬಿತ್ತುವ ಅಪರಾಧವಾದರೆ ಚರ್ಚೆಗೆ ಉಳಿಯುವುದೇನು? ಮಲೆಮಾ ಮಾತ್ರ ಹುತಾತ್ಮರೇನಲ್ಲ. ಅವರ ಕುಟುಂಬದ ಟ್ರಸ್ಟಿಗೆ ಪಾಲಿದ್ದ ಕಂಪನಿಗೆ ಲಿಂಪೊಪೊ ಸರ್ಕಾರದ ಗುತ್ತಿಗೆ ಅಕ್ರಮವಾಗಿ ದೊರೆತಿದೆಯೆಂದು ಸಾರ್ವಜನಿಕ ರಕ್ಷಕಿ ತುಲಿ ಮದೊನ್ಸೆಲಾ 2012ರಲ್ಲಿ ವರದಿ ಕೊಟ್ಟರು. ಅದರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ವಿಳಂಬದ ಕಾರಣ 2015ರಲ್ಲಿ ನ್ಯಾಯಾಲಯ ಪಟ್ಟಿಯಿಂದ ಕೈಬಿಟ್ಟಿತು.

ಕನ್ನಡಿಗರಿಗೆ ಇಲ್ಲೊಂದು ಹಳೆಯ ನೆನಪು ಬರಬಹುದು. 1969ರ ನವೆಂಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರು ಪಕ್ಷಶಿಸ್ತಿನ ಹೆಸರಿನಲ್ಲೇ ಪ್ರಧಾನಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿದರು. ನಿಯಮ ಅವರ ಕಡೆಗಿತ್ತು, ಸಂಸದರ ಬಹುಮತ ಇಂದಿರಾ ಕಡೆಗಿತ್ತು, ಒಡೆದದ್ದು ಪಕ್ಷ. ಮಲೆಮಾ ಪ್ರಕರಣದಲ್ಲಿ ನಿಯಮವೂ ಬಲವೂ ಒಂದೇ ಕಡೆಗಿದ್ದುದರಿಂದ ಪಕ್ಷ ಕೂಡಲೇ ಒಡೆಯಲಿಲ್ಲ. ಮಂಗಾಉಂಗ್‌ನಲ್ಲಿ ಜುಮಾ 2,983 ಮತ ಪಡೆದು ಗೆದ್ದರು, ರಾಷ್ಟ್ರೀಕರಣದ ಬೇಡಿಕೆ ಬಿದ್ದುಹೋಯಿತು, ಲೀಗಿನ ನಾಯಕತ್ವವನ್ನು 2013ರ ಮಾರ್ಚಿನಲ್ಲಿ ವಿಸರ್ಜಿಸಲಾಯಿತು.

ಆದರೆ ನಡುವೆ ಮರಿಕಾನಾ ನಡೆದುಹೋಗಿತ್ತು. 2012ರ ಆಗಸ್ಟ್ 16ರಂದು ಪ್ಲಾಟಿನಂ ಗಣಿಯ ಮುಷ್ಕರನಿರತ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ 34 ಮಂದಿಯನ್ನು ಕೊಂದಾಗ, ಆ ಜನರ ಬಳಿಗೆ ಹೋಗಿ ಮಾತನಾಡಿದವರಲ್ಲಿ ಮಲೆಮಾ ಒಬ್ಬರು. ಪಕ್ಷದೊಳಗಿದ್ದಿದ್ದರೆ ಅವರ ನಾಲಿಗೆಗೆ ಕಡಿವಾಣವಿರುತ್ತಿತ್ತು. ಮರುವರ್ಷ ಅವರು ಕಟ್ಟಿದ ಎಕನಾಮಿಕ್ ಫ್ರೀಡಂ ಫೈಟರ್ಸ್ ಪಕ್ಷ 2014ರಲ್ಲಿ 25, 2019ರಲ್ಲಿ 44, 2024ರಲ್ಲಿ 39 ಸ್ಥಾನ ಗಳಿಸಿತು. ಅದರೊಳಗೂ ಶಿಸ್ತು ಕಟ್ಟುನಿಟ್ಟು: 2015ರ ಏಪ್ರಿಲಿನಲ್ಲಿ ನಾಯಕತ್ವವನ್ನು ಟೀಕಿಸಿದ ಆಂಡಿಲೆ ಮಂಗ್‌ಶಿತಾಮಾ ಮತ್ತವರ ಸಂಗಡಿಗರು ಉಚ್ಚಾಟಿತರಾದರು.

ಲೀಗಿನಲ್ಲಿ ಮಲೆಮಾ ಅವರ ಉಪಾಧ್ಯಕ್ಷರಾಗಿದ್ದ ರೊನಾಲ್ಡ್ ಲಮೊಲಾ ಎ.ಎನ್.ಸಿ.ಯಲ್ಲೇ ಉಳಿದು 2024ರಲ್ಲಿ ವಿದೇಶಾಂಗ ಸಚಿವರಾದರು. ಒಂದು ವರ್ಷದ ಅಮಾನತು ಅನುಭವಿಸಿದ ಪ್ರಧಾನ ಕಾರ್ಯದರ್ಶಿ ಸಿಂಡಿಸೊ ಮಗಾಖಾ ಹುಟ್ಟೂರಿನ ಕಡೆ ಪುರಸಭಾ ಸದಸ್ಯರಾಗಿದ್ದಾಗ ಗುಂಡೇಟಿಗೆ ಗುರಿಯಾಗಿ 2017ರಲ್ಲಿ ತೀರಿಕೊಂಡರು. ಶಿವಾಂಬು 2024ರ ಆಗಸ್ಟ್‌ನಲ್ಲಿ ಮಲೆಮಾ ಅವರನ್ನು ಬಿಟ್ಟು ಹೊಸದೊಂದು ಪಕ್ಷ ಸೇರಿದರು. ಆ ಪಕ್ಷದ ನಾಯಕರು ಜೇಕಬ್ ಜುಮಾ. ಪ್ರತಿಸ್ಪರ್ಧಿ ಪಕ್ಷವನ್ನು ಬೆಂಬಲಿಸಿದ ಅಪರಾಧಕ್ಕಾಗಿ ಅವರನ್ನು ಎ.ಎನ್.ಸಿ. ಅದೇ ವರ್ಷ ಉಚ್ಚಾಟಿಸಿತ್ತು. ಅವರ ಮೇಲ್ಮನವಿ ನವೆಂಬರಿನಲ್ಲಿ ತಿರಸ್ಕೃತವಾಯಿತು.