ಕಸಿಯ ನಂತರ ಔಷಧಿ ಬದಲಾದರೆ ಗಾಬರಿ ಬೇಡ



ರಕ್ತದ ಕ್ಯಾನ್ಸರಿಗೆ ಒಡಹುಟ್ಟಿದವರಿಂದ ಆಕರಕೋಶ ಕಸಿ ಮಾಡಿಸಿಕೊಂಡವರ ಮನೆಗೆ ಹೋದಾಗ ನಾವು ಕೇಳುವ ಮಾತು ಒಂದೇ: "ಸಿಸ್ಟರ್, ಔಷಧಿ ಯಾಕೆ ಬದಲಾಯಿಸಿದ್ರು?"

ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸುಮ್ಮನೆ ಮಲಗಿರುವ ಸಿ.ಎಂ.ವಿ. ಎಂಬ ವೈರಸ್ ಆಗ ಎದ್ದು ಶ್ವಾಸಕೋಶಕ್ಕೆ, ಕರುಳಿಗೆ ಹಬ್ಬಬಹುದು. ಇದಕ್ಕೆ ಗಾನ್ಸಿಕ್ಲೋವಿರ್ ಕೊಡುತ್ತಾರೆ. ಆದರೆ ಅದು ಬಿಳಿ ರಕ್ತಕಣಗಳನ್ನು ಇಳಿಸುತ್ತದೆ; ಹೊಸ ಮಜ್ಜೆ ಈಗಷ್ಟೇ ಬೇರು ಬಿಡುತ್ತಿರುವಾಗ ಇದು ಕಷ್ಟ. ಆಗ ಫಾಸ್ಕಾರ್ನೆಟ್ ಕೊಡಬಹುದು, ಅದೋ ಕಿಡ್ನಿಗೆ ಭಾರ. ಪದೇ ಪದೇ ರಕ್ತ ಪರೀಕ್ಷೆ ಅದಕ್ಕೇ, ದುಡ್ಡು ಕೀಳಲಿಕ್ಕಲ್ಲ. ವೈರಸ್ ಏಳದಂತೆ ತಡೆಯಲು 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಟರ್‌ಮೊವಿರ್ ಮಜ್ಜೆಯನ್ನು ಅಷ್ಟು ಕಾಡುವುದಿಲ್ಲ. ಆದರೆ ಸರ್ಪಸುತ್ತನ್ನು ಅದು ತಡೆಯದು, ಅಸೈಕ್ಲೋವಿರ್ ಬೇರೆಯೇ ಬೇಕು.

"ಈಗ ಚೆನ್ನಾಗಿದ್ದೇನಲ್ಲ" ಎಂದು ಮಾತ್ರೆ ನಿಲ್ಲಿಸಬೇಡಿ. ಜ್ವರ, ಭೇದಿ, ಏದುಸಿರು ಕಂಡರೆ ಅದೇ ದಿನ ಕಸಿ ಮಾಡಿದ ಡಾಕ್ಟರಿಗೆ ತಿಳಿಸಿ.