ಸಕ್ಕರೆಗೂ ಒಂದು ಕಿರ್ದಿ: ವರ್ತಕರ ಆರೋಗ್ಯಕ್ಕೆ ನಿರಂತರ ಗ್ಲೂಕೋಸ್ ಮಾಪನ

ಅಂಗಡಿಯ ಗದ್ದುಗೆಯಲ್ಲಿ ಕುಳಿತವರಿಗೆ ಲೆಕ್ಕದ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ದಿನದ ಜಮಾ-ಖರ್ಚು ಕಿರ್ದಿಗೆ ಏರದಿದ್ದರೆ, ವರ್ಷಾಂತ್ಯದ ಅಢಾವೆ ಪತ್ರಿಕೆ ಉಳಿದುದೆಷ್ಟೆಂಬುದನ್ನು ತೋರಿಸೀತೇ ಹೊರತು ಹಣ ಎಲ್ಲಿ ಸೋರಿತೆಂಬುದನ್ನು ತೋರಿಸದು. ಮಧುಮೇಹದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಕೇವಲ ನಗರವಾಸಿಗಳ ಕಾಯಿಲೆಯಾಗಿ ಉಳಿದಿಲ್ಲ. ಹಿರೇಕೆರೂರು ತಾಲೂಕಿನ ಹಂಸಭಾವಿಯಂತಹ ಊರಿನ ವರ್ತಕನ ದಿನಚರಿಯನ್ನೇ ಗಮನಿಸಬಹುದು: ಬೆಳಿಗ್ಗೆ ಅವಲಕ್ಕಿ, ಗಿರಾಕಿ ಬಂದಂತೆಲ್ಲ ಚಹಾ, ಸಂಜೆ ಮಂಡಕ್ಕಿ-ಮಿರ್ಚಿ, ಅಂಗಡಿ ಮುಚ್ಚಿದ ಮೇಲೆ ತಡವಾದ ಊಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರು ನಡೆಯುವ ದಿನ ಮಧ್ಯಾಹ್ನದ ಊಟವೇ ತಪ್ಪುವುದುಂಟು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರು ಹೀಗೆ ಊಟ ಬಿಟ್ಟರೆ ಸಕ್ಕರೆ ಹಠಾತ್ತನೆ ಕುಸಿದು, ಬೆವರು, ನಡುಕ, ಮಂಪರು ಆವರಿಸುತ್ತವೆ. ಅದೇ ಹೊತ್ತಿಗೆ ವಾಹನ ನಡೆಸುತ್ತಿದ್ದರೆ ಪ್ರಾಣಕ್ಕೇ ಅಪಾಯ.

ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಢಾವೆ ಪತ್ರಿಕೆಯಿದ್ದಂತೆ. ಅದು ಸರಾಸರಿಯನ್ನಷ್ಟೇ ಹೇಳುತ್ತದೆ. ಬೆರಳು ಚುಚ್ಚಿ ನೋಡುವುದು ಆ ಕ್ಷಣದ ಗಲ್ಲಾ ಎಣಿಸಿದಂತೆ. ದಿನವಿಡೀ ಬರೆಯುವ ಕಿರ್ದಿಯ ಕೆಲಸವನ್ನು ನಿರಂತರ ಗ್ಲೂಕೋಸ್ ಮಾಪಕ ಮಾಡುತ್ತದೆ. ನಾಣ್ಯದಷ್ಟು ಅಗಲದ ಈ ಸಾಧನವನ್ನು ಸಾಮಾನ್ಯವಾಗಿ ತೋಳಿನ ಹಿಂಬದಿಗೆ ಅಂಟಿಸುತ್ತಾರೆ. ಕೂದಲೆಳೆಯಂತಹ ತಂತು ಚರ್ಮದಡಿಯ ದ್ರವದಲ್ಲಿನ ಗ್ಲೂಕೋಸನ್ನು ಅಳೆದು ಮೊಬೈಲಿಗೆ ರವಾನಿಸುತ್ತದೆ. ಐದು ನಿಮಿಷಕ್ಕೊಮ್ಮೆ ಅಳೆಯುವ ಸಾಧನ ದಿನಕ್ಕೆ 288 ನಮೂದುಗಳನ್ನು ಕೊಡುತ್ತದೆ. ಅಮೆರಿಕದಲ್ಲಿ 1999ರಲ್ಲಿ ಇಂತಹ ಮೊದಲ ಸಾಧನಕ್ಕೆ ಅನುಮತಿ ದೊರೆಯಿತು. ವೈದ್ಯರ ಬಳಕೆಗೆಂದು ರೂಪಿಸಿದ ಫ್ರೀಸ್ಟೈಲ್ ಲಿಬ್ರೆ ಪ್ರೊ 2015ರಲ್ಲಿ ಭಾರತಕ್ಕೆ ಬಂದಿತು.

ಸಕ್ಕರೆಯ ಪ್ರಮಾಣ 70ರಿಂದ 180 ಮಿಲಿಗ್ರಾಂ ನಡುವೆ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಇರಬೇಕು, 70ಕ್ಕಿಂತ ಕೆಳಗಿರುವ ಹೊತ್ತು ಶೇ. 4ನ್ನು ಮೀರಬಾರದು ಎಂಬುದು 2019ರಲ್ಲಿ ತಜ್ಞರು ಬಹುತೇಕ ವಯಸ್ಕ ಮಧುಮೇಹಿಗಳಿಗೆ ಸೂಚಿಸಿದ ಗುರಿ. ವೃದ್ಧರಿಗೂ ಗರ್ಭಿಣಿಯರಿಗೂ ಗುರಿ ಬೇರೆ. ಯಾವ ತಿಂಡಿ ಸಕ್ಕರೆಯನ್ನು ಎಷ್ಟು ಏರಿಸಿತು, ಊಟದ ನಂತರದ ಅರ್ಧ ತಾಸಿನ ನಡಿಗೆ ಎಷ್ಟು ಇಳಿಸಿತು ಎಂಬುದು ರೇಖಾಚಿತ್ರದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಆದರೆ ಕಿರ್ದಿಯಲ್ಲಿಯೂ ತಪ್ಪು ನಮೂದು ಇರಬಹುದು. ಚರ್ಮದಡಿಯ ದ್ರವದ ಲೆಕ್ಕ ರಕ್ತದ ಲೆಕ್ಕಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಅಂಟಿಸಿದ ಮೊದಲ ದಿನ ನಿಖರತೆ ಕಡಿಮೆ. ಆ ತೋಳಿನ ಮೇಲೆ ಮಲಗಿದರೆ ಸುಳ್ಳು ಕುಸಿತ ಕಾಣಬಹುದು. ಅಂಕಿಗೂ ದೇಹದ ಲಕ್ಷಣಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳುವುದೇ ಕ್ಷೇಮ. ಚರ್ಮವನ್ನು ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆನ್ನುವ ಕೈಗಡಿಯಾರ, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ.

ಇನ್ನು ಖರ್ಚಿನ ಮಾತು. ಎರಡು ವಾರ ಬಾಳುವ ಸಾಧನವನ್ನು ವರ್ಷವಿಡೀ ಧರಿಸಲು 26 ಬೇಕಾಗುತ್ತವೆ. ಒಂದಕ್ಕೆ ಐದು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ವೆಚ್ಚ 1.3 ಲಕ್ಷ ರೂಪಾಯಿ. ಟೈಪ್ 1 ಮಧುಮೇಹಿಗಳಿಗೆ, ದಿನಕ್ಕೆ ಹಲವು ಬಾರಿ ಇನ್ಸುಲಿನ್ ಪಡೆಯುವವರಿಗೆ, ಸಕ್ಕರೆ ಪದೇ ಪದೇ ಕುಸಿಯುವವರಿಗೆ ಈ ವೆಚ್ಚ ಸಾರ್ಥಕ. ಮಾತ್ರೆಗಳಿಂದಲೇ ಹತೋಟಿಯಲ್ಲಿರುವವರು ವೈದ್ಯರ ಸಲಹೆಯಂತೆ ಎರಡು ವಾರ ಧರಿಸಿ, ತಮ್ಮ ದಿನಚರಿಯ ಸೋರಿಕೆಯನ್ನು ಅರಿತುಕೊಂಡರೆ ಸಾಕಾಗಬಹುದು. ಉಳಿದ ದಿನಗಳಿಗೆ ಗ್ಲುಕೋಮೀಟರ್ ಇದ್ದೇ ಇದೆ. ಅದರ ಮತ್ತು ಪಟ್ಟಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಸಾಧನ ಲೆಕ್ಕ ಬರೆಯುತ್ತದೆ, ಅಷ್ಟೇ. ಅದನ್ನು ಓದಿ ವೈದ್ಯರೊಡನೆ ಚರ್ಚಿಸಿ ಔಷಧ ಹೊಂದಿಸಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಕುಸಿತದ ಸಮಯಕ್ಕೆಂದು ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಇಟ್ಟುಕೊಳ್ಳುವುದು ಮಧುಮೇಹಿಯದೇ ಹೊಣೆ. ವ್ಯಾಪಾರದ ಲೆಕ್ಕವನ್ನು ಒಂದು ದಿನವೂ ಬಾಕಿ ಉಳಿಸದ ವರ್ತಕ ಬಾಂಧವರು ದೇಹದ ಲೆಕ್ಕವನ್ನೂ ಬಾಕಿ ಉಳಿಸದಿರಲಿ.