ಹಳೆಯ ಕಾರಿನ ಕಮಾನಿಗೆ ಹೊಸ ರಬ್ಬರು

ಹನೂರನ್ನು ದಾಟಿ ರಾಮಾಪುರಕ್ಕೆ ಬರುವ ಹಳೆಯ ಕಾರುಗಳು ದೂರದಿಂದಲೇ ತಮ್ಮ ಆಗಮನವನ್ನು ಸಾರುತ್ತವೆ. ಎಂಜಿನಿನ ಸದ್ದಿಗಿಂತ ಮೊದಲು ಕೇಳಿಬರುವುದು ಹಿಂಬದಿಯ 'ಲೊಟಕ್ ಲೊಟಕ್' ಸಪ್ಪಳ. ನಮ್ಮ ಅಂಬಾಸಿಡರಿಗೂ ಈ ಕಾಯಿಲೆ ತಗುಲಿತ್ತು. 2014ರಲ್ಲಿ ತಯಾರಿಕೆ ನಿಂತ ಈ ಕಾರು 1956ರ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡಿನ ವಂಶದ್ದು. ಅದರ ಹಿಂಭಾಗದ ಭಾರವನ್ನು ಹೊರುವುದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು, ಅಂದರೆ ಲೀಫ್ ಸ್ಪ್ರಿಂಗು.

ಚಕ್ರವು ಉಬ್ಬನ್ನು ಹತ್ತಿದಾಗ ಕಮಾನು ಚಪ್ಪಟೆಯಾಗುತ್ತದೆ. ಚಪ್ಪಟೆಯಾದುದು ತುದಿಯಿಂದ ತುದಿಗೆ ತುಸು ಉದ್ದವಾಗಲೇಬೇಕು. ಬಿದಿರಿನ ಬಿಲ್ಲನ್ನು ನೆಲಕ್ಕೆ ಒತ್ತಿ ನೋಡಿದರೆ ಇದು ತಿಳಿದೀತು. ಎರಡು ತುದಿಗಳನ್ನೂ ಕಟ್ಟಿಹಾಕಿದರೆ ಕಮಾನು ಬಾಗಲಾರದು. ಆದಕಾರಣ ಮುಂದಿನ ತುದಿಯನ್ನು ಒಂದೆಡೆ ನಿಲ್ಲಿಸಿ, ಹಿಂದಿನದನ್ನು ಶ್ಯಾಕಲ್ ಎಂಬ ತೂಗುವ ಕೊಂಡಿಗೆ ಸಿಕ್ಕಿಸಿರುತ್ತಾರೆ. ಕೊಂಡಿಯ ಪಿನ್ನಿಗೂ ಕಮಾನಿನ ಕಣ್ಣಿಗೂ ನಡುವೆ ಇರುವುದೇ ರಬ್ಬರಿನ ಬುಷ್. ಶಾಖ, ಗಾಳಿಯಲ್ಲಿನ ಓಜೋನ್, ಸೋರಿದ ಎಣ್ಣೆ ಇವುಗಳಿಂದ ಅದು ಬಿರಿದು ಸವೆದಾಗ ಲೋಹವು ಲೋಹವನ್ನು ಬಡಿಯುತ್ತದೆ. ಬರಿಯ ಸಪ್ಪಳವಾದರೆ ಸಹಿಸಬಹುದು. ಆದರೆ ತಿರುವುಗಳಲ್ಲಿ ಕಾರಿನ ಹಿಂಭಾಗವೇ ಓಲಾಡತೊಡಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ದಾರಿಯನ್ನು ಹತ್ತಿಳಿಯುವವರಿಗೆ ಇದು ಹುಡುಗಾಟವಲ್ಲ.

ಮೊದಲ ಸಲ ನಾವು ಈ ಕೆಲಸಕ್ಕೆ ಕೈಹಾಕಿ ಸೋತೆವು. ಹೊಸ ಬುಷ್ಷುಗಳನ್ನು ಕೂರಿಸಿ, ಚಕ್ರಗಳು ತೂಗಾಡುತ್ತಿದ್ದಂತೆಯೇ ನಟ್ಟುಗಳನ್ನು ಬಲವಾಗಿ ಬಿಗಿದೆವು. ಕೆಲವೇ ತಿಂಗಳಲ್ಲಿ ಸಪ್ಪಳ ಮರಳಿತು. ಬಿಚ್ಚಿ ನೋಡಿದರೆ ಹೊಸ ರಬ್ಬರು ಹರಿದಿತ್ತು.

ಕಾರಣವು ಸರಳವಾದುದು. ಈ ಬುಷ್ ಬೇರಿಂಗಿನಂತೆ ಉರುಳುವುದಿಲ್ಲ. ಎರಡೂ ಕಡೆ ಹಿಡಿತಕ್ಕೆ ಸಿಕ್ಕಿ, ಕೊಂಡಿ ಆಡಿದಂತೆಲ್ಲ ತಾನು ತಿರುಚಿಕೊಳ್ಳುತ್ತದೆ. ಬಿಗಿದ ಕ್ಷಣದಲ್ಲಿ ಕೊಂಡಿಯು ಯಾವ ಕೋನದಲ್ಲಿತ್ತೋ ಅದೇ ಅದರ ವಿಶ್ರಾಂತಿಯ ಸ್ಥಿತಿ. ಚಕ್ರ ತೂಗುವಾಗ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ. ಪ್ರತಿಯೊಂದು ಗುಂಡಿಯೂ ಆ ತಿರುಚಿಗೆ ಇನ್ನಷ್ಟು ಕೂಡಿಸುತ್ತದೆ.

ಎರಡನೆಯ ಸಲ ಹಿಂದಿನ ಸಂಜೆಯೇ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟೆವು. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡೆ ಕೊಟ್ಟೆವು. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು; ಅವೇ ನೆಲ ಬಿಟ್ಟ ಮೇಲೆ ಅದರಿಂದೇನು ಪ್ರಯೋಜನ? ಕಾರನ್ನು ಎತ್ತಿ, ಕಮಾನಿನ ಮುಂತುದಿಯ ಬಳಿ ಒಡಲಿನ ಗಟ್ಟಿ ಭಾಗದ ಕೆಳಗೆ ಅಗಲವಾದ ಮರದ ದಿಮ್ಮಿಗಳನ್ನಿಟ್ಟೆವು. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ತಲೆಯಿಡುವುದು ಆತ್ಮಹತ್ಯೆಗೆ ಸಮಾನ. ಇಟ್ಟಿಗೆಯೂ ಸಲ್ಲದು, ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಇನ್ನೊಂದು ಜಾಕಿಯಿಂದ ಹಿಂದಿನ ಅಚ್ಚನ್ನು ಮೆಲ್ಲನೆ ಎತ್ತುತ್ತ ಹೋದಂತೆ ಒಂದು ಹಂತದಲ್ಲಿ ಕೊಂಡಿ ಸಡಿಲವಾಗಿ ಪಿನ್ನುಗಳು ಹಗುರಾಗಿ ಬಂದವು.

ಹೊಸ ಬುಷ್ಷಿಗೆ ಗ್ರೀಸು ಹಚ್ಚುವ ಪದ್ಧತಿ ಅನೇಕರಲ್ಲಿದೆ. ಸಹಜ ರಬ್ಬರು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುವುದರಿಂದ ನಾವು ಸಾಬೂನಿನ ನೀರನ್ನೇ ಬಳಸಿದೆವು. ನಟ್ಟುಗಳನ್ನು ಕೈಯಿಂದ ಮಾತ್ರ ತಿರುಗಿಸಿ, ಕಾರನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ನಾಲ್ಕಾರು ಬಾರಿ ಒತ್ತಿ ಬಿಟ್ಟು, ಆ ಬಳಿಕವೇ ಪಾನ ಹಿಡಿದು ಬಿಗಿದೆವು.

ಕೌದಳ್ಳಿಯವರೆಗೆ ಹೋಗಿ ಬಂದೆವು, ಸಪ್ಪಳವಿರಲಿಲ್ಲ. ಮರುದಿನ ಪರೀಕ್ಷಿಸಿದಾಗ ಎಡಬದಿಯ ಒಂದು ನಟ್ಟು ಇನ್ನೂ ಕಾಲು ಸುತ್ತು ಹಿಡಿಯಿತು.